ಬೆನ್ನ ಮೇಲೆ ಹೊರುವ ದೋಣಿ

ನಿವೃತ್ತನಾದ ಮರುವರ್ಷ ಮತ್ತೆ ನೀರಿಗಿಳಿಯಬೇಕು ಅನ್ನಿಸಿತು. ಹೆಂಡತಿ ಕೇಳಿದಳು, "ಈ ವಯಸ್ಸಲ್ಲಿ ಬೇಕಾ?" ಬೆಂಗಳೂರಿನಿಂದ ಫೋನು ಮಾಡಿದ ಮಗ ಕೇಳಿದ, "ಅಪ್ಪಾ, ಯಾವ ದೋಣಿ ತಗೋತೀಯಾ?" ಹೆಂಡತಿಗೆ ಆಗಲೇ ಉತ್ತರ ಹೇಳಿದೆ. ಮಗನಿಗೆ ಹೇಳಲು ಎರಡು ವರ್ಷ ಹಿಡಿಯಿತು. ಯಾವ ದೋಣಿ ಎಂದು ಹುಡುಕುತ್ತಾ ಹೋದವನು, ನಮ್ಮ ಹೊಳೆಯನ್ನು ಜನ ಇಷ್ಟು ಕಾಲ ಯಾತರ ಮೇಲೆ ಕೂತು ದಾಟಿದರು ಎಂದು ಹುಡುಕತೊಡಗಿದೆ. ಹಳೆಯ ಗೆಜೆಟಿಯರುಗಳನ್ನು ತೆಗೆಸಿ ಓದಿದೆ, ತಲಕಾಡಿನ ಕಡೆಯ ಮುದುಕರನ್ನು ಹೋಗಿ ಕಂಡೆ. ಕೊನೆಗೆ ನಮ್ಮ ತಾತ ಹೇಳಿದ್ದ ಒಂದು ಮಾತಿಗೇ ಬಂದು ನಿಂತೆ.

ನಮ್ಮೂರು ಇರುವುದು ಸೋಮನಾಥಪುರದ ಮಗ್ಗುಲಲ್ಲಿ. ಕೇಶವ ದೇವಾಲಯ ನೋಡಲು ದೇಶವಿದೇಶದಿಂದ ಜನ ಬರುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇನ್ನೂ ಹೆಚ್ಚಾಗಿದ್ದಾರೆ. ಬಂದವರು ಗುಡಿ ಸುತ್ತಿ, ಎಳನೀರು ಕುಡಿದು, ಬಸ್ಸು ಹತ್ತುತ್ತಾರೆ. ಗದ್ದೆಗಳನ್ನು ದಾಟಿ ಸ್ವಲ್ಪ ನಡೆದರೆ ಕಾವೇರಿ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ನಮಗೆ ಗುಡಿಗಿಂತ ಹೊಳೆಯೇ ಹತ್ತಿರ. ನಾವು ಬೆಸ್ತರು. ನಮ್ಮ ತಾತ ಕಡವಿನ ಅಂಬಿಗ.

ಪುಸ್ತಕದಲ್ಲಿ ಹರಿಗೋಲು ಎಂದು ಬರೆಯುವ ದುಂಡನೆಯ ಬುಟ್ಟಿ ದೋಣಿಯನ್ನು ತಾತ "ಅರ್ಗೋಲು" ಎನ್ನುತ್ತಿದ್ದ. ಹೊತ್ತು ಹುಟ್ಟುವ ಮೊದಲೇ ಕಡವಿಗೆ ಹೋದರೆ ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅದರಲ್ಲಿ ಏನೇನು ದಾಟುತ್ತಿತ್ತು ಎಂದು ಈಗ ನೆನೆಸಿಕೊಂಡರೆ ಇಡೀ ಊರೇ ಕಣ್ಣ ಮುಂದೆ ಬರುತ್ತದೆ. ಬನ್ನೂರು ಸಂತೆಯಿಂದ ಕೊಂಡ ಗಿಡ್ಡ ಕಾಲಿನ ಕುರಿಗಳು, ಭತ್ತದ ಮೂಟೆ, ಹೆರಿಗೆಗೆ ತವರಿಗೆ ಹೊರಟ ಬಸುರಿ, ಮದುವೆಯ ದಿಬ್ಬಣ, ಅದೇ ವಾರ ಅದೇ ದಿಬ್ಬಣದ ಓಲಗದವರು. ಊರಿನವರು ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮನೆಗಿಷ್ಟು ಎಂದು ಭತ್ತ ಅಳೆದು ಹಾಕುತ್ತಿದ್ದರು. ಪರಸ್ಥಳದವರು ಕಾಸು ಕೊಡುತ್ತಿದ್ದರು. ಕಡವನ್ನು ವರ್ಷಕ್ಕೊಮ್ಮೆ ಹರಾಜು ಕೂಗುತ್ತಿದ್ದರು. ಹಣವಿದ್ದವನು ಹರಾಜು ಹಿಡಿಯುತ್ತಿದ್ದ, ತಾತ ಅವನ ಕೈಕೆಳಗೆ ಹುಟ್ಟು ಹಾಕುತ್ತಿದ್ದ.

ಹುಡುಗರಾಗಿದ್ದಾಗ ಕುರಿ ಮೇಯಿಸುವ ನೆಪದಲ್ಲಿ ಗುಡಿಯೊಳಗೆ ಹೋಗಿ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗುತ್ತಿದ್ದೆವು. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, 1258ರಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ ಗುಡಿ ಅದು; ಅವನು ಇಲ್ಲಿ ಮಾಡಿದ ಅಗ್ರಹಾರಕ್ಕೆ ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ ಎಂದು ಹೆಸರು. ಇದೆಲ್ಲ ಆಗ ಗೊತ್ತಿರಲಿಲ್ಲ. ಮಲಗಿ ಮೇಲೆ ನೋಡಿದರೆ ಒಂದೊಂದು ಅಂಕಣಕ್ಕೆ ಒಂದೊಂದು ಬಗೆಯ ಭುವನೇಶ್ವರಿ, ಅಂದರೆ ಕೆತ್ತಿದ ಚಾವಣಿ. ದುಂಡಗೆ, ಸುತ್ತು ಸುತ್ತಾಗಿ ಒಳಕ್ಕೆ ಹೋಗುತ್ತಾ ನಡುವೆ ಬಾಳೆಯ ಮೂತಿಯಂತೆ ಇಳಿಬಿದ್ದ ಕಲ್ಲು. ಬೇರೆ ಮಕ್ಕಳು ಅದನ್ನು ಹೂವು ಎನ್ನುತ್ತಿದ್ದರು. ನನಗೆ ಅದು ಬೋರಲು ಹಾಕಿದ ಹರಿಗೋಲಿನ ಒಳಮೈ. ಹರಿಗೋಲನ್ನು ಬೋರಲು ಹೊತ್ತುಕೊಂಡು ನಡೆಯುವ ತಾತನ ಹಿಂದೆ, ಅದೇ ನೆರಳಿನಲ್ಲಿ ತಲೆ ತೂರಿಸಿ ನಡೆಯುತ್ತಿದ್ದೆನಲ್ಲ, ಆಗ ತಲೆಯ ಮೇಲೆ ಕಾಣುತ್ತಿದ್ದುದು ಇಂಥದೇ ಸುತ್ತುಗಳು.

ತಾತ ಅದನ್ನು ಹೊತ್ತು ನಡೆಯುತ್ತಿದ್ದ ಯಾಕೆ ಎಂಬುದನ್ನು ಬಿಡಿಸಿ ಹೇಳಬೇಕು. ಹರಿಗೋಲು ಹೊಳೆಯನ್ನು ನೇರ ದಾಟುವುದಿಲ್ಲ. ಅದಕ್ಕೆ ಮುಂದು ಹಿಂದು ಇಲ್ಲ, ತಳದಲ್ಲಿ ಏಣು ಇಲ್ಲ, ಚುಕ್ಕಾಣಿ ಇಲ್ಲ. ಅಂಬಿಗ ಒಂದೇ ಹುಟ್ಟಿನಿಂದ ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ ಹೋಗುತ್ತಾನೆ. ಅವನು ಎಳೆದಷ್ಟು ಅದು ಆಚೆ ದಡದ ಕಡೆಗೆ ಸರಿಯುತ್ತದೆ, ಅಷ್ಟರಲ್ಲಿ ಸೆಳವು ತನ್ನ ಪಾಲನ್ನು ಕೆಳಕ್ಕೆ ಎಳೆದಿರುತ್ತದೆ. ಮುಂಗಾರಿನಲ್ಲಿ ಒಂದು ಸಲ ದಾಟಿದರೆ ಎರಡು ಫರ್ಲಾಂಗು ಕೆಳಗೆ ದಡ ಸಿಗುತ್ತಿತ್ತು. ಮತ್ತೆ ದಾಟಿ ಬರಬೇಕೆಂದರೆ ದಡದುದ್ದಕ್ಕೆ ಮೇಲಕ್ಕೆ, ಹೊರಟ ಜಾಗಕ್ಕಿಂತಲೂ ಮೇಲಕ್ಕೆ, ಹರಿಗೋಲನ್ನು ಕೊಂಡೊಯ್ಯಬೇಕು. ನೀರಿನಲ್ಲಿ ಎದುರು ಎಳೆದುಕೊಂಡು ಹೋಗುವುದು ಆಗದ ಕೆಲಸ. ಆದ್ದರಿಂದ ಎತ್ತಿ ಬೆನ್ನ ಮೇಲೆ ಬೋರಲು ಹಾಕಿಕೊಂಡು, ಆಮೆಯ ಹಾಗೆ ನಡೆಯುವುದು. ದೂರದಿಂದ ನೋಡಿದರೆ ಎರಡು ಕಾಲು ಮೂಡಿದ ದೊಡ್ಡ ಬುಟ್ಟಿಯೊಂದು ಏರಿಯ ಮೇಲೆ ಹೊರಟ ಹಾಗೆ.

"ನೋಡ್ಲಾ ಮಗಾ," ಎನ್ನುತ್ತಿದ್ದ ತಾತ, "ಕೆಳಿಕ್ಕೆ ಓಗಕ್ಕೆ ಅಂಬಿಗ ಯಾಕ್ಬೇಕು, ನೀರೇ ಕರ್ಕಂಡೋಯ್ತದೆ. ಮ್ಯಾಲಕ್ಕೆ ತರೋದಯ್ತೆ ನೋಡು, ಅದ್ಕೇ ಕಣ್ಲಾ ಅರ್ಗೋಲು ಅಷ್ಟಗಲ ಇರೋದು." ಅಂದರೆ ಒಬ್ಬ ಗಂಡಾಳು ಹೊರಬಲ್ಲಷ್ಟು ಅಗಲ. ಜನ ಹೆಚ್ಚು ಹಿಡಿಯಲಿ ಎಂದು ದೊಡ್ಡದು ಕಟ್ಟಿಸಿದ ಹರಾಜುದಾರನಿಗೂ ತಾತನಿಗೂ ಇದೇ ವಿಷಯಕ್ಕೆ ಒಂದು ಸಲ ಮಾತಿಗೆ ಮಾತು ಬೆಳೆದದ್ದು ನನಗೆ ನೆನಪಿದೆ.

ಸೇತುವೆಗಳು ಬಂದವು, ಬಸ್ಸು ಬಂದಿತು, ಕಡವು ನಿಂತುಹೋಯಿತು. ತಾತ ಹೋದ ಮೇಲೆ ಹರಿಗೋಲು ಹಿತ್ತಲಿನಲ್ಲಿ ಬೋರಲು ಬಿದ್ದು, ಅದರ ಕೆಳಗೆ ಕೋಳಿ ಕಾವು ಕೂತವು. ನಾನು ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆದೆ. ಮೂವತ್ತು ವರ್ಷ ಈ ಹೊಳೆಯನ್ನು ಸೇತುವೆಯ ಮೇಲಿಂದಲೇ ದಾಟಿದೆ. ದಾಟುವಾಗಲೆಲ್ಲ ಟಿಕೆಟ್ಟು ಹರಿಯುವುದನ್ನು ಅರೆಗಳಿಗೆ ನಿಲ್ಲಿಸಿ ಕಿಟಕಿಯಿಂದ ಕೆಳಗೆ ನೋಡುತ್ತಿದ್ದೆ: ನೀರು ಯಾವ ಬಂಡೆಯವರೆಗೆ ಬಂದಿದೆ, ಬಣ್ಣ ಕೆಂಪೋ ಹಸಿರೋ, ಇವತ್ತು ಹುಟ್ಟು ಹಾಕಬಹುದೋ ಇಲ್ಲವೋ.

ಈಗ ಇತಿಹಾಸದ ಮಾತು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಓದಿದರೆ ನಮ್ಮ ನಾಡಿನ ನದಿಗಳ ಸ್ವಭಾವ ಒಂದೆರಡು ವಾಕ್ಯದಲ್ಲೇ ತಿಳಿಯುತ್ತದೆ. ತಳವೆಲ್ಲ ಬಂಡೆ, ಇಲ್ಲವೇ ನೀರು ತೆಳು, ಹಾಗಾಗಿ ದೋಣಿಯಲ್ಲಿ ಊರಿಂದೂರಿಗೆ ಪ್ರಯಾಣ ಮಾಡುವ ನದಿಗಳಲ್ಲ ಇವು. ಕಾಡಿನ ಮರ ತೇಲಿಬಿಡಬಹುದು, ಅಲ್ಲಲ್ಲಿ ದಾಟಬಹುದು, ಅಷ್ಟೇ. ದಾಟಲು ಇದ್ದವು ತೆಪ್ಪ, ಹರಿಗೋಲು, ದೋಣಿ, ಸಾಂಗಡ. ಬಿದಿರು ಗಳುಗಳನ್ನು ಒತ್ತಾಗಿ ಕಟ್ಟಿದ್ದು ತೆಪ್ಪ. ಮರ ಕೊರೆದು ಮಾಡಿದ್ದು ದೋಣಿ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದರೆ ಸಾಂಗಡ. ಗಾಡಿ, ಎತ್ತು ದಾಟಬೇಕಾದರೆ ಅದೇ ಬೇಕು. ನಮ್ಮ ಕಡೆ ಈಗ ಹರಿಗೋಲನ್ನೂ ತೆಪ್ಪ ಎಂದೇ ಕರೆಯುತ್ತಾರೆ. ನಂಜನಗೂಡಿನಲ್ಲಿ ನಮ್ಮವ್ವನ ತವರು. ಅಲ್ಲಿ ಕಪಿಲೆಯ ಮೇಲೆ ಶ್ರೀಕಂಠೇಶ್ವರನ ತೆಪ್ಪೋತ್ಸವ ನೋಡಿ ಬೆಳೆದ ಅವ್ವ ಹರಿಗೋಲಿಗೆ ತೆಪ್ಪ ಎಂದರೆ ಒಪ್ಪುತ್ತಿರಲಿಲ್ಲ. "ತೆಪ್ಪ ದೇವ್ರಿಗೆ, ಅರ್ಗೋಲು ನಿಮ್ಮಪ್ಪಂಗೆ" ಎನ್ನುತ್ತಿದ್ದಳು.

ನಂಜನಗೂಡಿನ ವಿಷಯ ಬಂತಲ್ಲ, ಅಲ್ಲಿ ಕಪಿಲೆಗೆ ದಳವಾಯಿ ದೇವರಾಜಯ್ಯ 1735ರಷ್ಟು ಹಿಂದೆಯೇ ಕಲ್ಲಿನ ಸೇತುವೆ ಕಟ್ಟಿಸಿದ. ಮುಂದೆ ರೈಲು ಬಂದಾಗ ಅದೇ ಸೇತುವೆ ಗಾಡಿಯನ್ನೂ ರೈಲನ್ನೂ ಹೊತ್ತಿತು. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ದಿವಾನ್ ಪೂರ್ಣಯ್ಯನವರು ವೆಲ್ಲೆಸ್ಲಿ ಸೇತುವೆ ಕಟ್ಟಿಸಿದರು. ಆದರೆ ಸೇತುವೆ ಬರುತ್ತಿದ್ದುದು ರಾಜಮಾರ್ಗಕ್ಕೆ, ದೊಡ್ಡ ದೇವಸ್ಥಾನಕ್ಕೆ. ನಡುವಿನ ಹಳ್ಳಿಗಳಿಗೆ ಕಡವೇ ಗತಿ. ತಿರುಮಕೂಡಲಿನಲ್ಲೇ ನೋಡಿ, ಗುಂಜಾ ನರಸಿಂಹ ಒಂದು ದಡ, ಅಗಸ್ತ್ಯೇಶ್ವರ ಇನ್ನೊಂದು ದಡ. ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚು ಎಂದು ಹೆಸರಾದ ಕ್ಷೇತ್ರ ಅದು. ಕಾವೇರಿ, ಕಪಿಲೆ ಕೂಡುವ ಜಾಗ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಎನ್ನುತ್ತಾರೆ. ಎರಡೂ ದೇವರ ದರ್ಶನ ಒಂದೇ ದಿನ ಆಗಬೇಕಾದವರನ್ನು ಅಂಬಿಗರೇ ದಾಟಿಸಬೇಕಾಗಿತ್ತು. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ. ಜನಸಾಗರ ಎಂಬ ಮಾತಿನ ಅರ್ಥ ನನಗೆ ಆದದ್ದು ಆ ದಿನಗಳಲ್ಲಿ ವಿಶೇಷ ಬಸ್ಸುಗಳಲ್ಲಿ ಡ್ಯೂಟಿ ಮಾಡಿದಾಗ.

ನಮ್ಮ ಹೊಳೆಗೆ ದುಂಡನೆಯ ಬುಟ್ಟಿಯೇ ಯಾಕೆ ಒಗ್ಗಿತು? ಸೋಸಲೆಯ ಕಥೆ ಹೇಳಿದರೆ ಇದು ಅರ್ಥವಾಗುತ್ತದೆ. ವ್ಯಾಸರಾಜ ಮಠ ಇರುವ ಅದೇ ಸೋಸಲೆ, ನಮ್ಮಿಂದ ನರಸೀಪುರದ ಕಡೆಗೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಯುದ್ಧವಾಯಿತು. ಇಂಗ್ಲಿಷರು ನೇರ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಬರುತ್ತಾರೆ ಎಂದುಕೊಂಡು ಟಿಪ್ಪು ಆ ದಾರಿಯ ಹುಲ್ಲು ಮೇವನ್ನೆಲ್ಲ ಸುಡಿಸಿದ್ದ. ಹ್ಯಾರಿಸ್ ದಾರಿ ಬದಲಿಸಿ ಸೋಸಲೆಯಲ್ಲಿ ಕಾವೇರಿ ದಾಟಿದ. ಕೋಟೆ ಒಡೆಯುವ ದೊಡ್ಡ ಫಿರಂಗಿಗಳು, ಸಾವಿರಾರು ಸಿಪಾಯಿಗಳು, ಲೆಕ್ಕವಿಲ್ಲದಷ್ಟು ಎತ್ತುಗಳು, ಎಲ್ಲ ಆ ತೆಳುನೀರಿನಲ್ಲಿ ಆಚೆಗೆ ಹೋದವು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಾರ್ಚ್ ತಿಂಗಳ ಕಾವೇರಿ ಫಿರಂಗಿಗಾಡಿಗೂ ದಾರಿ ಬಿಡುವಷ್ಟು ಬಡಕಲು. ಅದೇ ಕಾವೇರಿ ಆಷಾಢದಲ್ಲಿ ಆನೆಯನ್ನೂ ಉರುಳಿಸುತ್ತದೆ. ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ನಮ್ಮಲ್ಲಿ ಮೋಡವೇ ಇಲ್ಲದಿದ್ದರೂ ಬೆಳಗಾಗುವುದರೊಳಗೆ ಕಟ್ಟೆಯ ಮೆಟ್ಟಿಲು ಮುಳುಗಿರುತ್ತದೆ.

ಇಂಥ ಹೊಳೆಯ ದೋಣಿ ಒಂದು ಗೇಣು ನೀರಿನಲ್ಲೂ ತೇಲಬೇಕು, ತುಂಬಿದ ಹೊಳೆಯಲ್ಲೂ ಮುಳುಗಬಾರದು, ಬಂಡೆಗೆ ತಾಗಿದರೆ ಒಡೆಯಬಾರದು. ಮರದ ದೋಣಿ ಮಡುವಿನಲ್ಲಿ ಚೆನ್ನ, ಬಂಡೆಯ ಮೇಲೆ ಕೂತರೆ ಎತ್ತುವವರಿಲ್ಲ. ಬಿದಿರಿನ ಹೆಣಿಗೆ ಹಾಗಲ್ಲ. ಬಂಡೆಗೆ ತಾಗಿದ ಕಡೆ ಒಳಕ್ಕೆ ಬಾಗುತ್ತದೆ, ಜಾರಿ ಮುಂದಕ್ಕೆ ಹೋದ ಮೇಲೆ ಮತ್ತೆ ಹೊರಕ್ಕೆ ಬರುತ್ತದೆ. ಹರಿಗೋಲಿನಲ್ಲಿ ಬರಿಗಾಲಲ್ಲಿ ಕೂತವರಿಗೆ ಇದು ಗೊತ್ತು. ಬಂಡೆ ಹಾದುಹೋಗುವುದು ಅಂಗಾಲಿಗೆ, ಕುಂಡೆಗೆ ತಿಳಿಯುತ್ತದೆ, ತಾಯಿಯ ಹೊಟ್ಟೆಯಲ್ಲಿ ಮಗು ಮಗ್ಗುಲಾದ ಹಾಗೆ.

1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಹರಿಗೋಲನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುವಂಥದು, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುವಂಥದು, ಗಿರಗಿರನೆ ತಿರುಗುತ್ತಲೇ ಮುಂದೆ ಹೋಗುವಂಥದು. ತೊಗಲೊಂದನ್ನು ಬಿಟ್ಟರೆ, ಐನೂರು ವರ್ಷದ ಮೇಲೂ ಅದರಲ್ಲಿ ಒಂದು ಮಾತನ್ನೂ ಬದಲಿಸಬೇಕಾಗಿಲ್ಲ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿ ಅಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದವನು, 1803ರಲ್ಲಿ ಮರಾಠರ ಮೇಲೆ ಹೊರಟಾಗ ತೊಗಲು ಹೊದಿಸಿದ ಬುಟ್ಟಿ ದೋಣಿಗಳನ್ನು ಕಟ್ಟಿಸಿಕೊಂಡ. ಮಳೆಗಾಲದಲ್ಲಿ ಉಕ್ಕುವ ನದಿಗಳನ್ನು ಎದುರಾಳಿಗಿಂತ ಬೇಗ ದಾಟಲು ಅವನು ನೆಚ್ಚಿದ್ದು ಅದನ್ನೇ. ಅವನಿಗೆ ಆ ಬುಟ್ಟಿಗಳನ್ನು ಹೆಣೆದುಕೊಟ್ಟವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಇದು ನನ್ನನ್ನು ಬಹಳ ಕಾಡಿತು.

ತಾತನ ಮಾತಿಗೆ ಸಾಕ್ಷಿ ಸಿಕ್ಕಿದ್ದು ಇವೆಲ್ಲಕ್ಕಿಂತ ಹಳೆಯ ಕಡೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಕ್ರಿಸ್ತಪೂರ್ವ ಐದನೇ ಶತಮಾನದವನು, ಬ್ಯಾಬಿಲೋನಿನ ನದಿಯಲ್ಲಿ ನೋಡಿದ ದೋಣಿಯನ್ನು ವರ್ಣಿಸುತ್ತಾನೆ. ಮೇಲಿನ ಸೀಮೆಯಾದ ಆರ್ಮೇನಿಯಾದಲ್ಲಿ ಮರದ ಸೆಳೆಗಳಿಂದ ಗುರಾಣಿಯಂತೆ ದುಂಡಗೆ ಚೌಕಟ್ಟು ಮಾಡಿ, ತೊಗಲು ಹೊದಿಸಿ, ಸರಕು ತುಂಬಿ, ಒಳಗೆ ಜೀವಂತ ಕತ್ತೆಯೊಂದನ್ನೂ ನಿಲ್ಲಿಸಿಕೊಂಡು ಕೆಳಕ್ಕೆ ಬಿಡುತ್ತಾರೆ. ಊರು ಸೇರಿದ ಮೇಲೆ ಸರಕನ್ನೂ ಚೌಕಟ್ಟನ್ನೂ ಮಾರಿ, ತೊಗಲನ್ನು ಮಡಿಸಿ ಕತ್ತೆಯ ಮೇಲೆ ಹೇರಿ, ನಡೆದುಕೊಂಡು ಮೇಲಕ್ಕೆ ಹೋಗುತ್ತಾರೆ. ನದಿಯ ಸೆಳವಿಗೆ ಎದುರಾಗಿ ಬರುವುದು ಸಾಧ್ಯವಿಲ್ಲ ಎಂದೇ ಹೀಗೆ ಎಂದು ಅವನೇ ಕಾರಣವನ್ನೂ ಕೊಟ್ಟಿದ್ದಾನೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕತ್ತೆಯ ಜಾಗದಲ್ಲಿ ನಮ್ಮ ತಾತನ ಬೆನ್ನಿತ್ತು. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ, ಟೈವಿ ಎಂಬ ನದಿಯ ಮೇಲೆ, ಮೀನುಗಾರರು ಇಂಥದೇ ಸಣ್ಣ ಹರಿಗೋಲನ್ನು ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊರುತ್ತಾರೆ. ಗಂಡಸಿನ ಹೊರೆ ಎಂದರೆ ಅವನ ಹರಿಗೋಲು ಎಂಬ ಅರ್ಥದ ಗಾದೆಯೇ ಅವರಲ್ಲಿದೆ. ಅವರೂ ಮೊದಲು ತೊಗಲು ಹೊದಿಸುತ್ತಿದ್ದರು, ಆಮೇಲೆ ಬಟ್ಟೆಗೆ ಡಾಂಬರು ಬಳಿಯತೊಡಗಿದರು. ವಿಯೆಟ್ನಾಮಿನಲ್ಲಿ ಬಿದಿರಿನ ದುಂಡು ಬುಟ್ಟಿಗೆ ಸಗಣಿ, ಮರದ ಅಂಟು ಮೆತ್ತಿ ಕಡಲಿಗೇ ಇಳಿಯುತ್ತಾರೆ. ಮದ್ರಾಸಿನಲ್ಲಿ ಮೀನುಗಾರಿಕೆಯ ಅಧಿಕಾರಿಯಾಗಿದ್ದ ಜೇಮ್ಸ್ ಹಾರ್ನೆಲ್ ನಮ್ಮ ದಕ್ಷಿಣದ ಹರಿಗೋಲುಗಳನ್ನೂ ತಮ್ಮ ನಾಡಿನ ಹರಿಗೋಲುಗಳನ್ನೂ ಅಳೆದು, ಬರೆದು, ಒಂದಕ್ಕೊಂದು ಹೋಲಿಸಿದರು. ಯಾರಿಂದ ಯಾರು ಕಲಿತರು ಎಂಬ ಚರ್ಚೆ ಪಂಡಿತರದು. ಹೊಳೆಗಳೇ ಕಲಿಸಿದವು ಎಂದು ನನ್ನ ಎಣಿಕೆ.

ತೊಗಲಿನ ವಿಚಾರ ಹೇಳದೆ ಮುಂದೆ ಹೋಗಲಾರೆ. ತಾತನ ಅಪ್ಪನ ಕಾಲದಲ್ಲಿ ಎಮ್ಮೆಯ ತೊಗಲು ಹೊದಿಸುತ್ತಿದ್ದರಂತೆ. ಸಾಧಾರಣ ಗಾತ್ರದ್ದಕ್ಕೆ ಎರಡು ಮೂರು ತೊಗಲು ಬೇಕು. ಸಂಜೆ ನೀರಿನಿಂದೆತ್ತಿ ಬೋರಲು ಹಾಕಿ ಒಣಗಿಸಬೇಕು, ಎಣ್ಣೆ ಉಜ್ಜಬೇಕು, ರಾತ್ರಿ ನಾಯಿಗಳು ಕಿತ್ತು ತಿನ್ನದಂತೆ ಕಾಯಬೇಕು. ಆ ತೊಗಲನ್ನು ಸುಲಿದು ಹದ ಮಾಡಿ ಕೊಡುತ್ತಿದ್ದವರು ಊರಾಚೆಯ ಕೇರಿಯವರು. ಮಡಿಯುಟ್ಟು ಸಂಗಮದ ಸ್ನಾನಕ್ಕೆ ಹೋಗುವವರೂ ಆ ತೊಗಲಿನ ಮೇಲೆಯೇ ಕೂತು ಹೊಳೆ ದಾಟಿದರು. ಅದನ್ನು ಹದ ಮಾಡಿದ ಕೈಗಳಿಗೆ ಆಚೆ ದಡದ ಗುಡಿಯ ಬಾಗಿಲು ತೆರೆದಿರಲಿಲ್ಲ. ಹರಿಗೋಲಿನ ಇತಿಹಾಸ ಬರೆಯುವವರು ಬಿದಿರನ್ನೂ ಅಂಬಿಗನನ್ನೂ ನೆನೆಯುತ್ತಾರೆ, ಈ ಕೈಗಳನ್ನು ಬಿಟ್ಟುಬಿಡುತ್ತಾರೆ. ಅದು ತಪ್ಪು.

ಹೆಸರಿನ ಮಾತಿಗೆ ಬಂದರೆ, ಸೋಮನಾಥಪುರದ ಗುಡಿಯ ಶಿಲ್ಪಗಳ ಕೆಳಗೆ ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅಂಬಿಗರಲ್ಲಿ ಹಾಗೆ ತನ್ನ ಹೆಸರು ಉಳಿಸಿದವನು ಒಬ್ಬನಿದ್ದಾನೆ, ಅವನೇ ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯ. ಉಳಿದ ಶರಣರು ವಚನದ ಕೊನೆಗೆ ಇಷ್ಟದೈವದ ಹೆಸರಿಟ್ಟರೆ, ಇವನು ತನ್ನ ಹೆಸರನ್ನೇ, ತನ್ನ ಕಸುಬನ್ನೂ ಸೇರಿಸಿ, ಅಂಕಿತವಾಗಿ ಇಟ್ಟುಕೊಂಡ. ನಮ್ಮ ಮನೆಯ ಗೋಡೆಯ ಮೇಲೆ ತಾತನ ಫೋಟೋ ಇಲ್ಲ, ತೆಗೆಸಿಯೇ ಇರಲಿಲ್ಲ; ಚೌಡಯ್ಯನವರ ಪಟ ಇದೆ.

ಈಗ ನನ್ನ ದೋಣಿಯ ಕಥೆ. ಮಗ ಮೊದಲು ಹಾಯಿದೋಣಿ ತಗೋ ಎಂದ. ಬೆಂಗಳೂರಿಗೆ ಹೋದಾಗ ಹಲಸೂರು ಕೆರೆಯ ಬಳಿ ಕರೆದುಕೊಂಡು ಹೋದ. ಅಲ್ಲಿ ಸೇನೆಯ ಮದ್ರಾಸ್ ಸ್ಯಾಪರ್ಸ್‌ನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಸೇನೆಯ ಎಂಜಿನಿಯರುಗಳು 1985ರಲ್ಲಿ ಹೊರಟು 1987ರ ಜನವರಿಯಲ್ಲಿ ಭೂಮಿಯನ್ನೇ ಸುತ್ತಿ ಬಂದ ಹಾಯಿ ಹಡಗಿನ ಹೆಸರು ತೃಷ್ಣಾ. ಹಾಗೆ ಸುತ್ತಿದ ಮೊದಲ ಭಾರತೀಯ ತಂಡ ಅದು. ಕೆರೆಯ ದಂಡೆಯಲ್ಲಿ ನಿಂತು ಹುಡುಗರು ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ ನಡೆಸುವುದನ್ನು ನೋಡಿದೆ. ಮೂತಿ ಚಪ್ಪಟೆ, ಸ್ನಾನದ ತೊಟ್ಟಿಯಂತೆ ಇದೆ, ಒಂದೇ ಹಾಯಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ, ಎರಡು ಪ್ಲೈವುಡ್ ಹಲಗೆಯಲ್ಲಿ ಮನೆಯವರೇ ಮಾಡಿಕೊಳ್ಳುವ ಹಾಗೆ ಮಕ್ಕಳಿಗಾಗಿ ರೂಪಿಸಿದ್ದು. ಉದ್ದ ಎಂಟಡಿಗೂ ಕಡಿಮೆ, ತೂಕ 35 ಕೆಜಿ. ಈ ತೂಕ ಕೇಳಿದಾಗ ನನಗೆ ಆ ಮಿಲ್ಸ್‌ನ ಮೇಲೆ ಪ್ರೀತಿ ಬಂತು. ಅವನಿಗೂ ಗೊತ್ತಿತ್ತು, ದೋಣಿ ಎಂದರೆ ನೀರಿನಿಂದ ಎತ್ತುವುದೂ ಸೇರಿದೆ ಎಂದು.

ಆದರೆ ಅದು ನಮ್ಮ ಹೊಳೆಗೆ ಆಗುವುದಿಲ್ಲ. ಹಾಯಿದೋಣಿಯ ಹೊಟ್ಟೆಯಿಂದ ನೀರಿಗೆ ಒಂದು ಹಲಗೆ ಇಳಿದಿರುತ್ತದೆ. ಗಾಳಿ ಅಡ್ಡಕ್ಕೆ ತಳ್ಳಿದರೆ ಈ ಹಲಗೆ ನೀರನ್ನು ಕಚ್ಚಿ ಹಿಡಿದು ಮುಂದಕ್ಕೆ ಹೋಗುವ ಹಾಗೆ ಮಾಡುತ್ತದೆ. ಅದಕ್ಕೆ ಆಳ ಬೇಕು. ಕನ್ನಂಬಾಡಿಯ ಹಿನ್ನೀರಿನಂಥ ಕಡೆ ಸರಿ, ಮೊಣಕಾಲುದ್ದದಲ್ಲಿ ಬಂಡೆ ಕಾದಿರುವ ಕಡೆ ಮೊದಲ ದಿನವೇ ಆ ಹಲಗೆ ಮುರಿಯುತ್ತದೆ. ಮೇಲಾಗಿ ದಡದ ಮರಗಳ ನಡುವೆ ನಮಗೆ ಗಾಳಿ ಒಂದು ದಿಕ್ಕಿನಿಂದ ನೆಟ್ಟಗೆ ಬೀಸುವುದೇ ಇಲ್ಲ.

ಆಮೇಲೆ ನಾನೇ ಒಂದು ತಪ್ಪು ಮಾಡಿದೆ. ಈಗ ಮೀನು ಹಿಡಿಯುವವರೂ, ತಲಕಾಡು ಮೊದಲಾದ ಕಡೆ ಪ್ರವಾಸಿಗಳನ್ನು ಕೂರಿಸುವವರೂ ಫೈಬರ್ ಹರಿಗೋಲು ಬಳಸುತ್ತಾರೆ. ಕೊಳೆಯುವುದಿಲ್ಲ, ವರ್ಷ ವರ್ಷ ಡಾಂಬರು ಬಳಿಯಬೇಕಿಲ್ಲ. ಮಾರುವವನ ಮಾತು ನಂಬಿ ಒಂದು ಕೊಂಡೆ. ಅವರ ಕೆಲಸಕ್ಕೆ ಅದು ಒಳ್ಳೆಯದೇ, ಅವರು ಒಂದೇ ಮಡುವಿನಲ್ಲಿ ಇಬ್ಬರು ಮೂವರು ಸೇರಿ ದುಡಿಯುತ್ತಾರೆ. ನಾನು ಒಬ್ಬನೇ. ಮೊದಲ ಸಲ ದಾಟಿ ಆಚೆ ದಡದಲ್ಲಿ ನಿಂತು ಅದನ್ನು ಎತ್ತಲು ನೋಡಿದೆ, ಒಂದು ಅಂಚು ಎದ್ದಿತು, ಇನ್ನೊಂದು ಏಳಲಿಲ್ಲ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬಂದು ಕೈ ಹಾಕಿದರು. ನಾಲ್ಕನೆಯ ವಾರ ಬಂಡೆಯೊಂದಕ್ಕೆ ತಾಗಿ ತಳದಲ್ಲಿ ಗೆರೆ ಬಿಟ್ಟಿತು. ಫೈಬರ್ ಬಾಗುವುದನ್ನು ಅರಿಯದು. ತಾತನ ಮಾತು ಮರೆತದ್ದಕ್ಕೆ ತೆತ್ತ ಬೆಲೆ ಎಂದುಕೊಂಡು ಅದನ್ನು ಮೀನುಗಾರ ಸಂಬಂಧಿಯೊಬ್ಬನಿಗೆ ಕೊಟ್ಟೆ.

ಬಿದಿರಿನದೇ ಆಗಬೇಕು ಎಂದು ಹೊರಟರೆ ಹೆಣೆಯುವವರು ಎಲ್ಲಿ? ಕಡೆಗೆ ತಲಕಾಡಿನ ಆಚೆಯ ಒಂದು ಹಳ್ಳಿಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಹಿರಿಯರು ಸಿಕ್ಕರು. "ಎಷ್ಟು ಜನಕ್ಕಪ್ಪಾ?" ಎಂದರು. "ನಾನೊಬ್ಬನೇ ಹೊರಬೇಕು" ಎಂದೆ. ಆ ಉತ್ತರ ಕೇಳಿ ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಭುಜದಿಂದ ಭುಜಕ್ಕೆ ಗೇಣು ಹಾಕಿದರು. ದೋಣಿಗೆ ಅಳತೆ ತೆಗೆದುಕೊಂಡದ್ದು ಅಷ್ಟೇ. ಆರಡಿ ಅಗಲ ಸಾಕು ಎಂದರು.

ಬಿದಿರು ಈಗ ಸಿಗುವುದು ಮೊದಲಿನಷ್ಟು ಕಷ್ಟವಲ್ಲ. 2017ರಲ್ಲಿ ಕಾನೂನು ತಿದ್ದಿ, ಕಾಡಿನಾಚೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದಿದ್ದಾರೆ. ಪರಿಚಯದ ರೈತರ ಬೇಲಿಯಿಂದ ಬಲಿತ ಗಳು ಕಡಿದು ತಂದೆವು. ಹಿರಿಯರು ಅದನ್ನು ಸೀಳಿ ದಬ್ಬೆ ಮಾಡಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರು. ಬೆಳಿಗ್ಗೆ ಅಂಗಳದಲ್ಲಿ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸುತ್ತಾ ತಳ ಹೆಣೆದರು. ಕೈ ನಡುಗುತ್ತಿತ್ತು, ಹೆಣಿಗೆಗೆ ಬಂದಾಗ ನಡುಕ ನಿಲ್ಲುತ್ತಿತ್ತು. ತಳ ಮುಗಿದ ಮೇಲೆ ನಡುವೆ ಬೀಸುವ ಕಲ್ಲು ಹೇರಿಸಿ, ಸುತ್ತ ಉಳಿದ ದಬ್ಬೆಯ ತುದಿಗಳನ್ನು ಒಂದೊಂದಾಗಿ ಮೇಲಕ್ಕೆ ಬಾಗಿಸುತ್ತಾ ಬಂದರು. ಬಾಗುವಾಗ ಬಿದಿರು ಕಿರ್ರ್ ಎಂದರೆ ನಿಲ್ಲಿಸಿ, ಅಂಗೈಯಲ್ಲಿ ನೀರು ಹಾಕಿ, ಕಾದು, ಮತ್ತೆ ಬಾಗಿಸುವುದು. ಬಾಯಿಗೆ ದಪ್ಪ ದಬ್ಬೆಗಳ ಬಳೆ ಸುತ್ತಿ ಕಟ್ಟಿದರು. ಹೊರಗೆ ಗೊಬ್ಬರದ ಚೀಲಗಳನ್ನು ಕತ್ತರಿಸಿ ಹೊಲಿದ ಹೊದಿಕೆ, ಅದರ ಮೇಲೆ ಕಾಯಿಸಿದ ಡಾಂಬರು. ಎಮ್ಮೆಯ ತೊಗಲಿನ ಜಾಗಕ್ಕೆ ಯೂರಿಯಾ ಚೀಲ ಬಂದಿದೆ, ಕೆಳಗಿನ ಹೆಣಿಗೆ ಮಾತ್ರ ಪಾಯೆಸ್ ನೋಡಿದ್ದೇ. ಊರಿಗೆ ತಂದು ಸೊಸೈಟಿಯ ತಕ್ಕಡಿಯ ಮೇಲಿಟ್ಟೆ. 27 ಕೆಜಿ ತೋರಿಸಿತು.

ನೀರಿಗಿಳಿಸಿದ್ದು ಮಾಘದಲ್ಲಿ, ಹೊಳೆ ಸೌಮ್ಯವಾಗಿದ್ದಾಗ. ಲೈಫ್ ಜಾಕೆಟ್ ಹಾಕದೆ ಹೋಗುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ, ಉಳಿಸಿಕೊಂಡಿದ್ದೇನೆ. ಹದಿನೈದನೇ ವಯಸ್ಸಿನಲ್ಲಿ ತಾತನಿಗೆ ಹೇಳದೆ ಹರಿಗೋಲು ಬಿಟ್ಟುಕೊಂಡು ಹೋಗಿ ಸೋಸಲೆಯ ಕೆಳಗೆ ಸುಳಿಗೆ ಸಿಕ್ಕಿದ್ದೆ. ಹೆದರಿ ಹುಟ್ಟು ಹಾಕಿದಷ್ಟೂ ಅದು ಒಳಕ್ಕೆಳೆಯಿತು. ದಡದಲ್ಲಿದ್ದ ದನಕಾಯುವವನೊಬ್ಬ "ಕೈ ಬಿಡ್ಲಾ, ತಿರುಗ್ಲಿ ಬಿಡ್ಲಾ" ಎಂದು ಕೂಗಿದ. ಹುಟ್ಟು ಎತ್ತಿಬಿಟ್ಟೆ. ಹರಿಗೋಲು ಎರಡು ಮೂರು ಸುತ್ತು ಬಂದು ಸುಳಿಯ ಅಂಚಿಗೆ ಬಂದಾಗ ಒಂದೇ ಎಳೆತ ಎಳೆದು ಹೊರಬಿದ್ದೆ. ಆ ಪಾಠ ಕೈಗೆ ಇನ್ನೂ ನೆನಪಿದೆ. ಆದರೆ ಹೊಳೆ ಕಟ್ಟೆಗಳ ಕೈಯಲ್ಲಿದೆ. 1911ರಲ್ಲಿ ಕಟ್ಟಲು ಶುರುಮಾಡಿದ ಕನ್ನಂಬಾಡಿ ಕಟ್ಟೆ ಕಾವೇರಿಗೆ, 1974ರ ಕಬಿನಿ ಕಟ್ಟೆ ಕಪಿಲೆಗೆ. ಮೊದಲು ನೀರಿನ ಬಣ್ಣ, ನೊರೆ, ತೇಲಿಬರುವ ಕಸ ನೋಡಿ ತಾತ ಪ್ರವಾಹ ಹೇಳುತ್ತಿದ್ದ. ಈಗ ಕಟ್ಟೆಯಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ಫೋನಿನಲ್ಲಿ ನೋಡಿ ಹೊರಡುತ್ತೇನೆ. 2019ರ ಆಗಸ್ಟಿನಲ್ಲಿ ನಂಜನಗೂಡಿನ ಹೆದ್ದಾರಿಯ ಮೇಲೇ ಕಪಿಲೆ ಹರಿದಾಗ ನಾನು ಡ್ಯೂಟಿಯಲ್ಲಿದ್ದೆ. ನೀರು ಬಿಟ್ಟಿದ್ದಾರೆ ಎಂದ ದಿನ ಹರಿಗೋಲು ಜಗಲಿಯ ಮೇಲೆಯೇ.

ಮೊದಲ ದಿನ ಆಚೆ ದಡ ತಲುಪಿದಾಗ ಹೊರಟ ಜಾಗಕ್ಕಿಂತ ನೂರು ಮಾರು ಕೆಳಗಿದ್ದೆ. ಎಳೆದು ಮರಳಿಗೆ ಹಾಕಿ, ಅಂಚು ಹಿಡಿದು ಎತ್ತಿ, ಕೆಳಗೆ ನುಗ್ಗಿ, ಬೆನ್ನಿಗೆ ಹಾಕಿಕೊಂಡೆ. ಎದ್ದಿತು. ಒಳಗೆ ಕತ್ತಲು, ಡಾಂಬರಿನ ವಾಸನೆ, ಹಸಿ ಬಿದಿರಿನ ವಾಸನೆ. ತಲೆಯ ಮೇಲೆ ಸುತ್ತುಸುತ್ತಾದ ಹೆಣಿಗೆ. ಕಾಣುತ್ತಿದ್ದುದು ನನ್ನ ಎರಡು ಪಾದ, ಅವುಗಳ ಮುಂದೆ ಒಂದು ಮೊಳ ದಾರಿ. ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ಮೂರನೆಯ ಸಲ ನಿಂತಾಗ ಬೆಳಕಿನ ಸಣ್ಣ ಚುಕ್ಕೆಯೊಂದು ಕಣ್ಣಿಗೆ ಬಿತ್ತು. ಬಾಯಿಯ ಬಳೆಯಿಂದ ಎರಡು ಗೇಣು ಒಳಗೆ, ಹೊಲಿಗೆಯ ಹತ್ತಿರ, ಡಾಂಬರು ಹಿಡಿದಿರಲಿಲ್ಲ. ಬೆರಳಿಟ್ಟು ಜಾಗ ಗುರುತು ಮಾಡಿಕೊಂಡೆ. ಸಂಜೆ ಹಳೆಯ ಎಣ್ಣೆ ಡಬ್ಬದಲ್ಲಿ ಡಾಂಬರು ಕಾಯಿಸಲು ಕೂತಾಗ ಹೆಂಡತಿ ಒಳಗಿನಿಂದ ಚಿಂದಿ ಬಟ್ಟೆ ತಂದು ಕೊಟ್ಟಳು.